ತೊಂಬತ್ತು ನಿಮಿಷಕ್ಕೊಂದು ಹನಿ

...ಅಯ್ಯೋ, ಸಕ್ಕರೆ ಕಾಯಿಲೆಯ ಮೆಷಿನ್ನೇ ಅಂದ್ನಲ್ಲ! ಇನ್ನೆಷ್ಟು ಸಲ ಹೇಳ್ಬೇಕು? ಯಾಕೆ ನಗ್ತೀಯ? ಹೊಟ್ಟೆಗೆ ಸೂಜಿ ಚುಚ್ಕೊಂಡು, ಸೊಂಟಕ್ಕೆ ಡಬ್ಬಿ ಕಟ್ಕೊಂಡು ಹನ್ನೊಂದು ತಿಂಗಳಿಂದ ಓಡಾಡ್ತಿರೋ ಗಂಡನ್ನ ನೋಡಿದ್ರೆ ನಗು ಬರುತ್ತಾ ನಿನಗೆ? ನಗು, ನಗು. ಅಳೋದಕ್ಕಿಂತ ಅದೇ ವಾಸಿ. ಆದ್ರೆ ಮೊದಲು ಆ ಬ್ಯಾಗನ್ನ ಬಾಗಿಲ ಹತ್ತಿರದಿಂದ ತೆಗಿ ಮಹರಾಯ್ತಿ. ಅದನ್ನ ನೋಡ್ತಾ ನನಗೆ ಮಾತೇ ಹೊರಡ್ತಿಲ್ಲ. ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಯಾರಾದ್ರೂ ಬ್ಯಾಗ್ ತುಂಬ್ತಾರಾ?

ಬೇಡ, ತೆಗೀಬೇಡ. ಅಲ್ಲೇ ಇರಲಿ. ನೀನು ಕೂತ್ಕೋ ಸಾಕು.

ಏನದು? ಏನು ತೆಗೀತಿದ್ದೀಯ ಬ್ಯಾಗಿಂದ?... ಓಹ್.

ಈ ಔಷಧಿ ಪೆಟ್ಟಿಗೆ ನಿನಗೆ ಎಲ್ಲಿ ಸಿಕ್ತು? ಫ್ರಿಜ್ಜಲ್ಲಿ, ಬೆಣ್ಣೆ ಡಬ್ಬಿ ಹಿಂದೆ... ಹೂಂ, ನಾನೇ ಇಟ್ಟಿದ್ದು. ಒಳಗಿನ ಕಾಗದಾನೂ ಬಿಡಿಸಿ ಓದಿದ್ಯಾ? ಇರುವೆ ಸಾಲಿನ ಥರಾ ಇರೋ ಅಕ್ಷರ! ನಾನು ಕಣ್ಣಿಗೆ ಭೂತಗಾಜು ಸಿಕ್ಕಿಸ್ಕೊಂಡು ಓದಿದ್ದು ಅದನ್ನ, ವಾಚಿನ ಚಕ್ರ ನೋಡೋ ಗಾಜು. ನೀನು ಬರಿಗಣ್ಣಲ್ಲಿ ಓದಿದ್ದೀಯ. ಗೆರೆ ಬೇರೆ ಎಳೆದಿದ್ದೀಯ. ಕೆಂಪು ಪೆನ್ನಲ್ಲಿ.

ಹಾಗೆ ನೋಡ್ಬೇಡ.

ಸರಿ. ಸರಿ, ಸಕ್ಕರೆ ಕಾಯಿಲೆ ಅಲ್ಲ. ಒಪ್ಕೊಂಡೆ. ನನಗೆ ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ. ಹನ್ನೊಂದು ತಿಂಗಳು ಸಕ್ಕರೆ ಇಲ್ಲದ ಟೀ ಕುಡಿದಿದ್ದೀನಿ ಕಣೇ, ಈ ಒಂದು ಸುಳ್ಳು ಉಳಿಸಿಕೊಳ್ಳೋಕೆ! ನೀನು ಬೇಕರಿಯಿಂದ ಕೇಕಿನ ಅಂಚು ಕಟ್ಟಿಸ್ಕೊಂಡು ಬಂದು, ನನಗೆ ಕೊಡದೆ ಪಕ್ಕದ ಮನೆ ಮಕ್ಕಳಿಗೆ ಹಂಚ್ತಿದ್ದಾಗ ಹೊಟ್ಟೆ ಉರೀತಿತ್ತು ನನಗೆ. ನಾನೇ ತೋಡಿದ ಗುಂಡಿ, ಯಾರಿಗೆ ಹೇಳ್ಕೊಳ್ಳಲಿ?... ಈಗಲೂ ನಗು ಬರ್ಲಿಲ್ವಾ? ಇದು ನಿಜವಾಗ್ಲೂ ನಗೋ ವಿಷಯ.

ಎಲ್ಲಿಗೆ ಎದ್ದೆ? ನಿಲ್ಲು! ಇನ್ನೂ ಮುಗಿದಿಲ್ಲ, ನಿಲ್ಲು... ಓ, ಅಡುಗೆಮನೆಗಾ. ಹಾಲಿನ ಪಾತ್ರೆ... ಟೀಗೆ ಇಡ್ತಿದ್ದೀಯಾ? ಇಡು, ಇಡು! ನನ್ನ ಜೀವ ಬಾಯಿಗೆ ಬಂದಿತ್ತು. ಹೊರಟೇ ಬಿಟ್ಟೆ ಅಂದ್ಕೊಂಡೆ. ಟೀ ಇಡೋರು ಮನೆ ಬಿಟ್ಟು ಹೋಗಲ್ಲ, ಅಲ್ವಾ? ಇವತ್ತು ಸಕ್ಕರೆ ಹಾಕು. ಎರಡು ಚಮಚ. ಮೂರು ಹಾಕು!

ಬಂದ್ಯಾ. ಅಡುಗೆಮನೆ ಬಾಗಿಲು ಯಾಕೆ ಮುಚ್ಚಿದೆ? ಇರಲಿ ಬಿಡು. ಕೂತ್ಕೋ. ಹಾಲು ಕಾಯೋವಷ್ಟರಲ್ಲಿ ಹೇಳಿ ಮುಗಿಸ್ತೀನಿ.

ನೋಡು, ಇದು ಗೊನಡೊರೆಲಿನ್. ಹೆಸರಿಗೆ ಹೆದರಬೇಡ. ಎಲ್ಲರ ಮೆದುಳಲ್ಲೂ, ಇಲ್ಲಿ, ಎರಡು ಕಣ್ಣಿನ ಹಿಂದೆ ಆಳದಲ್ಲಿ, ಬಾದಾಮಿ ಗಾತ್ರದ ಒಂದು ಜಾಗ ಇದೆಯಂತೆ. ಹೈಪೋಥಲಮಸ್. ಅದು ಒಂದು ಹಾರ್ಮೋನು ಹನಿಸುತ್ತೆ. ಹನಿ ಬಿದ್ದಾಗ ಕೆಳಗಿನ ಗ್ರಂಥಿ ಏಳುತ್ತೆ, ಅದು ಇನ್ನೂ ಕೆಳಗಿರೋದನ್ನ ಎಬ್ಬಿಸುತ್ತೆ. ಹೀಗೆ ಒಬ್ಬರನ್ನೊಬ್ಬರು ಎಬ್ಬಿಸಿದ್ರೇ ಗಂಡಸು ಗಂಡಸಾಗೋದು, ಹೆಂಗಸು ಹೆಂಗಸಾಗೋದು, ಮಕ್ಕಳಾಗೋದು. ನನ್ನಲ್ಲಿ ಮೇಲಿನವನು ಎಬ್ಬಿಸ್ತಿಲ್ಲ. ಅಷ್ಟೇ. ಕೆಳಗಿನೋರು ಸರಿಯಾಗೇ ಇದ್ದಾರೆ, ಮಲಗಿದ್ದಾರೆ ಅಷ್ಟೇ. ಅದಕ್ಕೇ ಕಾರ್ಖಾನೆಯಲ್ಲಿ ಮಾಡಿದ ಅದೇ ಹಾರ್ಮೋನನ್ನ ಈ ಡಬ್ಬಿಗೆ ತುಂಬಿಸ್ತೀನಿ. ಬಿಳೀ ಪುಡಿ, ನೀರಲ್ಲಿ ಕಲಸ್ತೀನಿ. ತೊಂಬತ್ತು ನಿಮಿಷಕ್ಕೊಂದು ಸಲ ಟಿಕ್ ಅಂತ ಒಂದು ಹನಿ ಒಳಗೆ ಹೋಗುತ್ತೆ. ಹಗಲೂ ರಾತ್ರಿ. ನಾನು ನಿದ್ದೆ ಮಾಡ್ತಿದ್ರೂ ಅದು ಮಾಡಲ್ಲ.

ಮಜಾ ಗೊತ್ತಾ? ಇದೇ ಔಷಧಿಯ ಜಾತಿಯದ್ದನ್ನ ಬಿಡದೆ ಹರಿಸಿದ್ರೆ ಎಲ್ಲಾ ಬಂದ್ ಆಗುತ್ತಂತೆ. ವಯಸ್ಸಿಗೆ ಮುಂಚೆ ದೊಡ್ಡವರಾಗಿಬಿಡೋ ಮಕ್ಕಳಿಗೆ ಹಾಗೇ ಕೊಡ್ತಾರಂತೆ, ತಡೆಯೋಕೆ. ಎಬ್ಬಿಸೋದೂ ಅದೇ, ಮಲಗಿಸೋದೂ ಅದೇ. ಬಿಟ್ಟು ಬಿಟ್ಟು ಕೊಟ್ಟರೆ ಮಾತ್ರ ಎಬ್ಬಿಸುತ್ತೆ. ಡಾಕ್ಟರು ಇದನ್ನ ಹೇಳಿದಾಗ ನಾನು ಏನಂದೆ ಗೊತ್ತಾ? ಸಾರ್, ನಮ್ಮ ಗಡಿಯಾರದ ಕೆಲಸ ಇದು! ಸ್ಪ್ರಿಂಗನ್ನ ಒಂದೇ ಸಲ ಬಿಟ್ಟರೆ ಚಕ್ರ ಸರ್ರಂತ ತಿರುಗಿ ಸತ್ತುಹೋಗುತ್ತೆ, ತಡೆದು ತಡೆದು ಬಿಟ್ಟರೇ ಟೈಮ್ ತೋರಿಸೋದು, ಅಂದೆ. ಅವರು ನಕ್ಕರು. ನೀನು ಮಾತ್ರ ಮುಖ ಗಂಟು ಹಾಕ್ಕೊಂಡು ಕೂತಿದ್ದೀಯ.

ಕಾಗದದ ಮೇಲೆ ಬೆರಳಿಟ್ಟು ಯಾವಾಗಿನಿಂದ ಅಂತ ಕೇಳ್ತೀಯಾ? ಗೆರೆ ಎಳೆದಿರೋದು ಅದಕ್ಕೇನಾ?

ಎರಡು ವರ್ಷದಿಂದ.

ಆ ಜ್ವರ ನೆನಪಿಲ್ವಾ ನಿನಗೆ? ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆನಲ್ಲ, ನೀನು ನನ್ನ ಮಂಚದ ಕೆಳಗೆ ಚಾಪೆ ಹಾಕ್ಕೊಂಡು ಮಲಗ್ತಿದ್ದೆ, ನರ್ಸು ಬೈದರೂ ಎದ್ದು ಹೋಗ್ಲಿಲ್ಲ. ಆ ಜ್ವರ ತಲೆಗೇರಿ ಆ ಜಾಗ ಸುಟ್ಟುಹೋಯ್ತು. ಅದಕ್ಕೆ ಮುಂಚೆ ನಾನು ಸರಿಯಾಗೇ ಇದ್ದೆ ಕಣೇ! ಮದುವೆ ಫೋಟೋ ನೋಡು. ಅಲ್ಲೇ ಗೋಡೆ ಮೇಲಿದೆ, ತಲೆ ಎತ್ತಿ ನೋಡು. ಮೀಸೆ ನೋಡು ನನ್ನದು! ಅಂಥಾ ಮೀಸೆ ಇರೋನಿಗೆ ಏನು ಕೊರತೆ ಇರುತ್ತೆ? ನಿಮ್ಮಪ್ಪನೇ ಹೇಳಿದ್ರು, ಹುಡುಗನ ಮೀಸೆ ಜೋರಾಗಿದೆ ಅಂತ.

ಯಾಕೆ ತಲೆ ಅಲ್ಲಾಡಿಸ್ತೀಯ? ಸುಳ್ಳಾ? ನಾನು ನಿನ್ನ ಕಣ್ಣಿಗೆ ಮಣ್ಣೆರಚಿ ಮದುವೆ ಆದೆ ಅಂತ ನೀನು ಅಂದ್ಕೊಂಡಿದ್ರೆ... ಬೇಡ, ಆ ಮಾತು ಬೇಡ.

ಇದೇನು ಚೀಟಿ? ಯಾರ ಅಕ್ಷರ ಇದು, ಕೋಳಿ ಕೆದರಿದ ಹಾಗೆ?... ನಿನ್ನ ಡಾಕ್ಟರಮ್ಮಂದಾ? ಮಕ್ಕಳಾಗ್ಲಿಲ್ಲ ಅಂತ ಐದು ವರ್ಷದಿಂದ ನಿನ್ನನ್ನ ನೋಡ್ತಿರೋರು? ಈ ಕಾಗದ ತಗೊಂಡು ಅವರ ಹತ್ತಿರ ಹೋಗಿದ್ಯಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?... ಹೌದು, ಕೇಳಿದ್ರೆ ಸಕ್ಕರೆ ಅಂತಿದ್ದೆ. ಸರಿ.

ಏನು ಬರ್ದಿದ್ದಾರೆ? 'ಒಂದು. ಯಾವಾಗಿನಿಂದ?' ಹೇಳಿದ್ನಲ್ಲ, ಎರಡು ವರ್ಷ. 'ಎರಡು. ವಾಸನೆ ಗೊತ್ತಾಗುತ್ತಾ?'

ಇದೇನಿದು?

ಹೂಂ, ಗೊತ್ತು ನನಗೆ ಅವರು ಯಾಕೆ ಕೇಳ್ತಾರೆ ಅಂತ. ಹುಟ್ಟಿದಾಗಿನಿಂದಲೇ ಹೀಗಿರೋ ಕೆಲವರಿಗೆ ಮೂಗೂ ಕೆಲಸ ಮಾಡಲ್ಲವಂತೆ. ಹೂವೂ ಒಂದೇ, ಚರಂಡಿಯೂ ಒಂದೇ. ಅಂಥೋರು ಬೇರೆ. ನನ್ನದು ಜ್ವರದಿಂದ ಬಂದಿದ್ದು! ನನ್ನ ಮೂಗಿಗೇನಾಗಿದೆ? ಹೇಳು, ದಿನಾ ಸಂಜೆ ನೀನು ಬೇಕರಿಯಿಂದ ಬಂದ ತಕ್ಷಣ ನಾನು ಏನು ಮಾಡ್ತೀನಿ? ನಿನ್ನ ತಲೆ ಹತ್ತಿರ ಮುಖ ತಂದು ಏನಂತೀನಿ? ಘಮ್ ಅಂತಿದೆ ಅಂತೀನಿ. ಆರು ವರ್ಷದಿಂದ, ಒಂದು ದಿನ ತಪ್ಪಿಸಿದ್ದೀನಾ? ಮೊನ್ನೆ ಮಂಗಳವಾರ ಕೂಡ! ನೀನು ಚಪ್ಪಲಿ ಬಿಡೋಕೆ ಮುಂಚೆನೇ ಅಂದೆನಲ್ಲ, ಆಹಾ, ಬಿಸಿ ಬ್ರೆಡ್ಡಿನ ಥರಾ ಘಮಘಮ ಅಂತಿದ್ದೀಯ ಅಂತ?

ಮತ್ತೆ ನಗ್ತೀಯ! ಇದೇನು ನಗು ಇದು, ನನಗೆ ಹೆದರಿಕೆ ಆಗ್ತಿದೆ. ಏನು ತೋರಿಸ್ತಿದ್ದೀಯ? ಚೀಟಿಯ ಮೂಲೆ... ತಾರೀಕು. ಹದಿನಾಲ್ಕು. ಹದಿನಾಲ್ಕು ಅಂದ್ರೆ... ಭಾನುವಾರ, ಶನಿವಾರ, ಶುಕ್ರವಾರ...

ಮಂಗಳವಾರ.

ಮಂಗಳವಾರ ನೀನು ಆಸ್ಪತ್ರೆಗೆ ಹೋಗಿದ್ದಾ? ಪೂರ್ತಿ ದಿನಾನಾ? ಬೇಕರಿಗೆ ಹೋಗ್ಲೇ ಇಲ್ವಾ?

ಇಲ್ಲ, ಇರು, ಆದ್ರೇನಾಯ್ತು? ಆರು ವರ್ಷ ಬ್ರೆಡ್ ಬೇಯೋ ಜಾಗದಲ್ಲಿ ನಿಂತೋಳ ಕೂದಲಿಂದ ಒಂದು ದಿನ ರಜೆ ಹಾಕಿದ್ರೆ ವಾಸನೆ ಹೋಗಿಬಿಡುತ್ತಾ? ಬಟ್ಟೆಗೆ ಅಂಟಿರುತ್ತೆ, ಬ್ಯಾಗಿಗೆ ಅಂಟಿರುತ್ತೆ... ಏನು? ತಲೆಗೆ ಸ್ನಾನ ಮಾಡಿದ್ಯಾ ಅವತ್ತು? ಫಿನಾಯಿಲ್... ಆಸ್ಪತ್ರೆಯ ಫಿನಾಯಿಲ್ ವಾಸನೆ ಬರ್ತಿತ್ತಾ? ಅದೂ ಬರ್ತಿತ್ತು! ಬರ್ತಿತ್ತು, ಹೇಳ್ಲಿಲ್ಲ ಅಷ್ಟೇ. ಫಿನಾಯಿಲ್ ವಾಸನೆ ಬರ್ತಿದೆ ಅಂತ ಹೆಂಡತಿಗೆ ಯಾವ ಗಂಡ ಹೇಳ್ತಾನೆ?

ಮೇಲಿನ ಮನೆಯೋರು ಯಾಕೆ ಹಾಗೆ ಧಡಧಡ ಕಿಟಕಿ ಮುಚ್ತಿದ್ದಾರೆ? ನಮ್ಮ ಜಗಳ ಕೇಳಿಸ್ತಿದೆಯೇನೋ. ಕೇಳಿಸ್ಕೊಳ್ಳಲಿ. ಕಿಟಕಿ ಹಾಕ್ಕೊಂಡ್ರೆ ಹೆಂಗೆ ಕೇಳಿಸುತ್ತೆ, ದಡ್ಡರು.

ಎಲ್ಲಿದ್ದೆ? ಹಾಂ... ಕೈ ಕೊಡು ಇಲ್ಲಿ. ಕೊಡಲ್ವಾ? ಸರಿ, ಮೇಜಿನ ಮೇಲೆ ಇಡು, ನಾನು ಮುಟ್ಟಲ್ಲ.

ಕೇಳು. ನಾನು ಇದನ್ನ ಹಾಕ್ಕೊಂಡಿದ್ದೇ ನಿನಗೋಸ್ಕರ. ನಿನ್ನ ಗರ್ಭಕೋಶಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದ ದಿನ ನೆನಪಿದೆಯಾ? ಎರಡನೇ ಸಲ? ಬರೀ ಮುಟ್ಟಿನ ನೋವಿನ ಥರಾ ಇರುತ್ತೆ ಅಂದ್ರು ಅವರು. ನೀನು ಒಳಗೆ ಕಿರುಚಿದ್ದು ನನಗೆ ಹೊರಗಿನ ಬೆಂಚಿಗೆ ಕೇಳಿಸ್ತು. ಆಮೇಲೆ ಗೋಡೆ ಹಿಡ್ಕೊಂಡು ಬಂದೆ, ತುಟಿ ಎಲ್ಲಾ ಬಿಳೀ... ನನ್ನ ಪಕ್ಕ ಕೂತು ನೀನೇ ಸಮಾಧಾನ ಹೇಳಿದೆ ನನಗೆ. 'ಈ ಸಲ ಎಲ್ಲಾ ಸರಿಯಿದೆ ಅಂದ್ರು, ನನ್ನಲ್ಲಿ ಏನೂ ತೊಂದರೆ ಇಲ್ಲವಂತೆ, ಮತ್ಯಾಕೋ ಆಗ್ತಿಲ್ಲ' ಅಂದೆ. ಮತ್ಯಾಕೋ! ಮಾರನೇ ವಾರವೇ ನಾನು ಹಾರ್ಮೋನ್ ಡಾಕ್ಟರ ಹತ್ತಿರ ಹೋಗಿ ಈ ಡಬ್ಬಿ ಕೇಳಿದ್ದು. ಹನ್ನೊಂದು ತಿಂಗಳು! ಮೂರು ದಿನಕ್ಕೊಂದು ಕಡೆ ಸೂಜಿ ಬದಲಾಯಿಸಿ ಬದಲಾಯಿಸಿ ಹೊಟ್ಟೆ ಜರಡಿ ಆಗಿದೆ ನೋಡು. ಹೋದ ತಿಂಗಳ ವೀರ್ಯ ಪರೀಕ್ಷೆಯಲ್ಲಿ ಮೊದಲನೇ ಸಲ ಸ್ವಲ್ಪ ಕಾಣಿಸ್ತು ಅಂದ್ರು. ಜೀವ ಇರೋವು. ಬೆರಳೆಣಿಕೆಯಷ್ಟೇ, ಆದ್ರೆ ಓಡಾಡ್ತಿದ್ವಂತೆ! ಇನ್ನು ನಾಲ್ಕೈದು ತಿಂಗಳು ಕೊಡಿ ಅಂದ್ರು. ನಾಲ್ಕೈದು ತಿಂಗಳು ಕಣೇ! ಆಮೇಲೆ ಬೇಕಾದ್ರೆ ಬ್ಯಾಗ್ ತಗೋ. ಈಗ ಹೋದ್ರೆ ಇದೆಲ್ಲಾ ಯಾರಿಗೋಸ್ಕರ?

ಯಾಕೆ ಕರ್ಚೀಫ್ ಮುಖಕ್ಕೆ ಒತ್ತಿಕೊಂಡೆ? ಅಳ್ತಿದ್ದೀಯಾ? ಕಣ್ಣಲ್ಲಿ ನೀರು... ಅಳಬೇಡ. ನೀನು ಅತ್ತರೆ ನನಗೂ ತಡೆಯೋಕಾಗಲ್ಲ. ಆದ್ರೂ... ಅಳು ಬಂತಲ್ಲ, ಒಳ್ಳೇದಾಯ್ತು. ಅಳು ಬಂದ್ರೆ ಇನ್ನೂ ನನ್ನ ಮೇಲೆ ಏನೋ ಇದೆ ಅಂತ ಅರ್ಥ, ಅಲ್ವಾ? ಕೆಮ್ಮು ಬೇರೆ. ನೀರು ತರ್ಲಾ? ಬೇಡ, ಬೇಡ, ನೀನು ಏಳಬೇಡ, ನಾನೂ ಏಳಲ್ಲ.

ಒಂದೇ ಮಾತು ನಂಬು. ಮದುವೆ ದಿನ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ನಿನ್ನನ್ನ ಆ ಟೇಬಲ್ ಮೇಲೆ ಮಲಗಿಸ್ತಿದ್ನಾ? ಗೊತ್ತಿದ್ದೂ ನಮ್ಮಮ್ಮ ಹತ್ತು ಜನರೆದುರು ನಿನಗೆ ಬಂಜೆ ಅಂದಿದ್ದನ್ನ ಕೇಳ್ಕೊಂಡು ಸುಮ್ನೆ ಕೂರ್ತಿದ್ನಾ? ನಾನು ಅಂಥೋನಾ?

ವಾಸನೆ, ವಾಸನೆ! ಆ ಚೀಟಿಯನ್ನ ಯಾಕೆ ಮತ್ತೆ ಮತ್ತೆ ನನ್ನ ಕಡೆ ತಳ್ತೀಯ? ಬರುತ್ತೆ ಅಂದ್ನಲ್ಲ! ಬೇಕಾದ್ರೆ ಈಗಲೇ ಹೇಳ್ತೀನಿ ನೋಡು. ಒಳಗೆ ಹಾಲಿಟ್ಟಿದ್ದೀಯ ತಾನೇ? ಬಾಗಿಲು ಮುಚ್ಚಿದೆ, ಆದ್ರೂ ಬರ್ತಿದೆ ನನಗೆ. ಹದವಾಗಿ ಕಾದಿದೆ. ಹಿತವಾಗಿ, ಘಮ್ ಅಂತ... ಕೆನೆ ಕಟ್ಟೋ ಹೊತ್ತು. ಹೋಗು, ಟೀ ಪುಡಿ ಹಾಕು. ಈಗಲಾದ್ರೂ ನಂಬಿಕೆ ಬಂತಾ?

ಯಾಕೆ ಹಾಗೆ ನೋಡ್ತೀಯ?

ಕರ್ಚೀಫ್ ತೆಗಿ. ಏನಾದ್ರೂ ಮಾತಾಡು. ಬೈಯಿ. ಅದೇನದು? ಬಾಗಿಲ ಕೆಳಗೆ... ಹೊಗೆ! ಹೊಗೆ ಬರ್ತಿದೆ ಕಣೇ! ಏಳು! ಏನೋ ಉರೀತಿದೆ, ಏಳೇ!

...

ಆರಿಸಿದೆ.

ಅಬ್ಬಾ... ಪಾತ್ರೆ ಇದ್ದಿಲಾಗಿದೆ. ಹಾಲು ಒಂದು ತೊಟ್ಟೂ ಇಲ್ಲ. ತಳದಲ್ಲಿ ಕರೀ ಚಕ್ಕೆ. ಹಿಡಿ ಮುಟ್ಟಿ ಕೈ ಸುಟ್ಟುಕೊಂಡೆ, ನೋಡು. ಯಾವಾಗಲೋ ಸೀದು ಹೋಗಿದೆ ಇದು. ಈಗಲ್ಲ. ಯಾವಾಗಲೋ.

ಮೇಲಿನ ಮನೆಯೋರು ಕಿಟಕಿ ಮುಚ್ಚಿದ್ದು...

ನಿನ್ನ ಕರ್ಚೀಫು...

ನಿನಗೆ ಗೊತ್ತಿತ್ತು. ಅಷ್ಟು ಹೊತ್ತಿಂದ ನಿನ್ನ ಮೂಗಿಗೆ ಬಡೀತಿತ್ತು, ಕಣ್ಣು ಉರೀತಿತ್ತು, ಆದ್ರೂ ನೀನು ಏಳಲಿಲ್ಲ. ಒಂದು ಮಾತು ಆಡಲಿಲ್ಲ. ನಾನು ಏಳ್ತೀನಾ ಅಂತ ನೋಡ್ತಾ ಕೂತೆ. ಮೂಗಿರೋ ಯಾರೇ ಆಗಿದ್ರೂ ಎದ್ದು ಓಡ್ತಿದ್ರು. ನಾನು... ನಾನು ಕೂತ್ಕೊಂಡು ಕೆನೆ ಕಟ್ತಿದೆ ಅಂದೆ. ಘಮ್ ಅಂತಿದೆ ಅಂದೆ.

ಟೀಗಲ್ಲ ನೀನು ಹಾಲಿಟ್ಟಿದ್ದು.

...

ಹತ್ತೊಂಬತ್ತು.

ಹತ್ತೊಂಬತ್ತು ವಯಸ್ಸು ನನಗೆ ಆಗ. ನಮ್ಮಮ್ಮನಿಗೂ ಹೇಳಿರಲಿಲ್ಲ, ಒಬ್ಬನೇ ಡಾಕ್ಟರ ಹತ್ತಿರ ಹೋಗಿದ್ದೆ. ದನಿ ಒಡೆದಿರಲಿಲ್ಲ, ಒಂದು ಕೂದಲು ಹುಟ್ಟಿರಲಿಲ್ಲ ಮುಖದ ಮೇಲೆ. ವಾಚ್ ಅಂಗಡಿಗೆ ಬಂದೋರು 'ಮಗು, ಯಜಮಾನರಿಲ್ವಾ?' ಅಂತ ಕೇಳ್ತಿದ್ರು. ಇದೇ ಔಷಧಿ ಒಂದು ಸಲ ಚುಚ್ಚಿ, ಅರ್ಧ ಗಂಟೆಗೊಂದು ಸಲ ರಕ್ತ ತೆಗೆದು ನೋಡಿದ್ರು. ಆಮೇಲೆ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಆರು ಸೀಸೆ ಹಿಡಿದ್ರು. ಕಾಫಿ ಪುಡಿ, ಸಾಬೂನು, ಲವಂಗ... ನನಗೆ ಆರೂ ಒಂದೇ. ಖಾಲಿ. ಆ ಹಾರ್ಮೋನು ಮಾಡೋ ಜೀವಕಣಗಳು ತಾಯಿ ಹೊಟ್ಟೆಯಲ್ಲಿರೋವಾಗ ಮೂಗಿನ ಹತ್ತಿರ ಹುಟ್ಟಿ ಮೆದುಳಿಗೆ ನಡ್ಕೊಂಡು ಹೋಗ್ತಾವಂತೆ. ನನ್ನವು ದಾರಿಯಲ್ಲೇ ನಿಂತ್ವು, ಅಂದ್ರು. ಗಡ್ಡ ಮೀಸೆಗೆ ತಿಂಗಳಿಗೊಂದು ಇಂಜೆಕ್ಷನ್ ಕೊಡ್ತೀವಿ, ಆದ್ರೆ ಅದರಿಂದ ಮಕ್ಕಳಾಗಲ್ಲ, ಅದು ಬೇಕಂದ್ರೆ ಈ ಪಂಪಿನ ಡಬ್ಬಿ ಹಾಕ್ಬೇಕು, ಮದುವೆ ಹೊತ್ತಿಗೆ ಬಾ ಅಂದ್ರು. ನಾನು ಹೋಗಲಿಲ್ಲ. ಹೋದ್ರೆ ನಿನಗೆ ಹೇಳ್ಬೇಕಿತ್ತಲ್ಲ. ಬೆನ್ನು ನೋವಿನ ಇಂಜೆಕ್ಷನ್ ಅಂತಿದ್ದೆನಲ್ಲ... ಅದೇ ಆ ತಿಂಗಳಿನ ಇಂಜೆಕ್ಷನ್ನು. ಆ ಫೋಟೋದ ಮೀಸೆಯೂ ಸೂಜಿಯಿಂದ ಬಂದಿದ್ದು.

ಗೊತ್ತಿತ್ತು. ನಿನ್ನನ್ನ ನೋಡೋಕೆ ಬಂದ ದಿನವೂ ಗೊತ್ತಿತ್ತು. ನಿನ್ನನ್ನ ಮೊದಲನೇ ಸಲ ಆ ಟೇಬಲ್ ಮೇಲೆ ಮಲಗಿಸಿದಾಗ ಗೊತ್ತಿತ್ತು, ಎರಡನೇ ಸಲವೂ ಗೊತ್ತಿತ್ತು. ಅಮ್ಮ ನಿನಗೆ ಅಂದಾಗಲೆಲ್ಲ ನಾನು ಯಾರದೋ ವಾಚು ಬಿಚ್ಚಿ ಕಣ್ಣಿಗೆ ಗಾಜು ಸಿಕ್ಕಿಸ್ಕೊಂಡು ಕೂರ್ತಿದ್ದೆ. ಬಿಚ್ಚೋದು, ಮತ್ತೆ ಜೋಡಿಸೋದು. ಏನೂ ಕೆಟ್ಟಿರದ ವಾಚುಗಳನ್ನ. ನೀನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳೋದು ಕೇಳಿಸ್ತಿತ್ತು ನನಗೆ. ಕಿವಿ ಚೆನ್ನಾಗೇ ಇದೆಯಲ್ಲ.

ಬ್ರೆಡ್ಡು... ನೀನು ಬೇಕರಿಯಲ್ಲಿ ಕೆಲಸ ಮಾಡ್ತೀಯ ಅಂತ ಬ್ರೆಡ್ಡು ಅಂತಿದ್ದೆ. ಬಚ್ಚಲಲ್ಲಿ ಹಳದಿ ಸಾಬೂನಿದ್ರೆ ನಿಂಬೆ ಅಂತಿದ್ದೆ. ನಮ್ಮ ಮೊದಲನೇ ರಾತ್ರಿ ನಾನು ಏನಂದೆ, ನಿನಗೆ ನೆನಪಿದೆ. ನೀನು ಅದನ್ನೇ ನಿನ್ನ ತಂಗಿ ಹತ್ತಿರ ಹೇಳ್ಕೊಂಡು ನಾಚಿಕೊಂಡಿದ್ದು ನಾನು ಕೇಳಿಸ್ಕೊಂಡಿದ್ದೆ. ಅದೂ ಊಹೆ ಕಣೇ. ಗಂಡಸರು ಹಾಗೆ ಹೇಳ್ತಾರೆ ಅಂತ ಎಲ್ಲೋ ಕೇಳಿದ್ದೆ. ಆರು ವರ್ಷ ನಿನ್ನ ಪಕ್ಕ ಮಲಗಿದ್ದೀನಿ, ನಿನ್ನ ಕೂದಲಿನ ವಾಸನೆ ಹೇಗಿದೆ ಅಂತ ನನಗೆ ಒಂದು ದಿನವೂ ಗೊತ್ತಾಗಿಲ್ಲ.

ಟಿಕ್ ಅಂತು ನೋಡು. ಮೂರೂವರೆ. ಅದಕ್ಕೇನು ಗೊತ್ತು ಪಾಪ.

ಏನಾದ್ರೂ ಹೇಳು.

ಬ್ಯಾಗ್ ಭಾರ ಇದ್ರೆ ಕೆಳಗಿನವರೆಗೆ ನಾನೇ ತರ್ತೀನಿ... ಬೇಡ್ವಾ. ಸರಿ. ನೀನು ಕೂತಿರೋದು ಹೋಗೋಕಾ, ಇರೋಕಾ, ಅದೂ ನನಗೆ ತಿಳೀತಿಲ್ಲ. ಎರಡೂ ಬಾಗಿಲು ತೆಗೆದಿಟ್ಟಿದ್ದೀನಿ. ಕಿಟಕೀನೂ ತೆಗೀತೀನಿ, ತಡಿ. ಕೆಮ್ಮಬೇಡ, ಈ ಕಡೆ ಗಾಳಿಗೆ ಬಾ.

ವಾಸನೆ ಹೋಯ್ತಾ?

ನೀನೇ ಹೇಳ್ಬೇಕು. ನನಗೆ ಗೊತ್ತಾಗಲ್ಲ.